ಹರಳಲ್ಲಿ ಇರಲಿಲ್ಲ, ರಾಳದಲ್ಲಿತ್ತು

ಸರ್ಪಗಂಧದ ಗಿಡ ನೋಡಿದರೆ ಅಂಥ ವಿಶೇಷವೇನೂ ಅನ್ನಿಸೋದಿಲ್ಲ. ಮೊಣಕಾಲೆತ್ತರದ ಗಿಡ, ಬಿಳಿ ಹೂವಿನ ಗೊಂಚಲು. ನಮ್ಮ ಪಶ್ಚಿಮ ಘಟ್ಟದ ನೆರಳಲ್ಲೂ ಬೆಳೆಯುತ್ತೆ. ಬೆಲೆ ಇರೋದು ಅದರ ಬೇರಿಗೆ. ಹಾವಿನ ಕಡಿತಕ್ಕೆ, ನಿದ್ದೆ ಬಾರದವರಿಗೆ, ಬುದ್ಧಿ ಸ್ಥಿಮಿತದಲ್ಲಿಲ್ಲದವರಿಗೆ ಅಂತ ನಾಟಿ ವೈದ್ಯರು ತಲೆತಲಾಂತರದಿಂದ ಕೊಡ್ತಾ ಬಂದ ಕಹಿ ಬೇರು. ಅದರೊಳಗೆ ನಿಜವಾಗಿ ಕೆಲಸ ಮಾಡೋದು ಯಾವುದು? ಈ ಪ್ರಶ್ನೆಯ ಇತಿಹಾಸ ನನಗೆ ಬಹಳ ಇಷ್ಟ.

ದೆಹಲಿಯ ಹಕೀಮ್ ಅಜ್ಮಲ್ ಖಾನರಿಗೆ ಯುನಾನಿ ಔಷಧಗಳನ್ನು ಆಧುನಿಕ ರಸಾಯನಶಾಸ್ತ್ರದಿಂದ ಪರೀಕ್ಷಿಸಬೇಕು ಅನ್ನೋ ಹಂಬಲ. ತಮ್ಮ ತಿಬ್ಬಿಯಾ ಕಾಲೇಜಿನಲ್ಲಿ ಆ ಕೆಲಸಕ್ಕೆ ಜರ್ಮನಿಯಲ್ಲಿ ಓದಿದ್ದ ಸಲೀಮುಜ್ಜಮಾನ್ ಸಿದ್ದೀಕಿಯವರನ್ನು ಕರೆದರು. ಫಲ ನೋಡೋಕೆ ಅವರೇ ಉಳಿಯಲಿಲ್ಲ, 1927ರಲ್ಲಿ ತೀರಿಕೊಂಡರು. 1931ರಲ್ಲಿ ಸಿದ್ದೀಕಿಯವರು ರಫತ್ ಹುಸೇನ್ ಸಿದ್ದೀಕಿಯವರ ಜೊತೆ ಸೇರಿ ಸರ್ಪಗಂಧದ ಬೇರಿನಿಂದ ಐದು ಆಲ್ಕಲಾಯ್ಡ್‌ಗಳನ್ನು ಶುದ್ಧ ಹರಳಾಗಿ ತೆಗೆದರು. ಕಾಫಿಯ ಕೆಫೀನು, ಹೊಗೆಸೊಪ್ಪಿನ ನಿಕೋಟಿನ್ನು ಇದೇ ಜಾತಿಯವು. ಐದರಲ್ಲಿ ಒಂದಕ್ಕೆ ಹಕೀಮರ ನೆನಪಿಗೆ ಅಜ್ಮಲೀನ್ ಅಂತ ಹೆಸರಿಟ್ಟರು.

ಅದೇ ವರ್ಷ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ಈ ಬೇರು ರಕ್ತದೊತ್ತಡ ಇಳಿಸುತ್ತೆ, ಉನ್ಮಾದ ತಗ್ಗಿಸುತ್ತೆ ಅಂತ ಬರೆದರು. ಆದರೆ ಲೆಕ್ಕ ಹೊಂದಲಿಲ್ಲ. ಬೇರು ಕೊಡುತ್ತಿದ್ದ ಆ ಶಾಂತಿಯನ್ನು ಹರಳುಗಳು ಕೊಡಲಿಲ್ಲ.

ಸಾಫ್ಟ್‌ವೇರಿನವನಾಗಿ ನನಗೆ ಕಥೆ ಹಿಡಿಸೋದು ಇಲ್ಲೇ. ಬೇಡದ್ದು ಅಂತ ಫಿಲ್ಟರ್ ಮಾಡಿ ಬಿಟ್ಟ ಲಾಗ್ ಸಾಲುಗಳಲ್ಲೇ ಎಷ್ಟೋ ಸಲ ಬಗ್ ಕೂತಿರುತ್ತೆ. ಇಲ್ಲೂ ಅಷ್ಟೇ. ಹರಳು ತೆಗೆದ ಮೇಲೆ ಒಂದು ಅಂಟಂಟು ರಾಳ ಉಳಿಯುತ್ತಿತ್ತು. ನಿದ್ದೆ ಬರಿಸೋ ಗುಣ ಆ ರಾಳದಲ್ಲೇ ಇದೆ ಅಂತ 1944ರಲ್ಲಿ ಭಾರತದ ಸಂಶೋಧಕರೇ ವರದಿ ಮಾಡಿದರು. 1949ರಲ್ಲಿ ಬೊಂಬಾಯಿಯ ರುಸ್ತುಂ ಜಾಲ್ ವಕೀಲ್ 50 ರೋಗಿಗಳ ಅನುಭವವನ್ನು ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಪ್ರಕಟಿಸಿದಾಗ ಹೊರಗಿನ ಜಗತ್ತು ಕಿವಿಗೊಟ್ಟಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ಮ್ಯುಲ್ಲರ್, ಶ್ಲಿಟ್ಲರ್, ಬೈನ್ ಅದೇ ರಾಳದ ಭಾಗದಿಂದ ರೆಸರ್ಪಿನ್ ತೆಗೆದರು.

ರೆಸರ್ಪಿನ್ ಮಾಡೋದಿಷ್ಟು: ನರದ ತುದಿಯ ಪುಟ್ಟ ಚೀಲಗಳಲ್ಲಿ ನಾರ್‌ಅಡ್ರಿನಲಿನ್, ಸಿರೊಟೋನಿನ್ ತುಂಬದ ಹಾಗೆ ತಡೆಯುತ್ತೆ. ಚೀಲ ಬರಿದಾದರೆ ರಕ್ತನಾಳ ಸಡಿಲ, ಒತ್ತಡ ಇಳಿಕೆ. ಕೆಲವು ರೋಗಿಗಳು ಮಾತ್ರ ಖಿನ್ನತೆಗೆ ಜಾರಿದರು. ಖಿನ್ನತೆಗೂ ಮೆದುಳಿನ ಈ ರಾಸಾಯನಿಕಗಳಿಗೂ ನಂಟಿರಬಹುದು ಅನ್ನೋ ವಾದಕ್ಕೆ ಬಲ ಬಂದಿದ್ದು ಇದರಿಂದಲೇ. ಔಷಧದ ಅಡ್ಡಪರಿಣಾಮ ಕೂಡ ಪಾಠವಾಯಿತು ನೋಡಿ.

ಈಗ ರೆಸರ್ಪಿನ್ ಬಳಕೆ ತೀರಾ ಕಡಿಮೆ. ಅಜ್ಮಲೀನ್‌ಗೆ ಬೇರೆಯದೇ ಕೆಲಸ ಸಿಕ್ಕಿದೆ. ಹಠಾತ್ ಸಾವು ತರಬಲ್ಲ ಬ್ರುಗಾಡ ಅನ್ನೋ ಹೃದಯದ ತೊಂದರೆ ಇಸಿಜಿಯಲ್ಲಿ ಅಡಗಿದ್ದರೆ ಅದನ್ನು ಹೊರಗೆಳೆಯೋಕೆ ವೈದ್ಯರು ಬಳಸೋದು ಇದನ್ನೇ.

ಹಾಗಂತ ಯಾರೂ ಬೇರು ಕಿತ್ತು ಅರೆದು ಕುಡಿಯೋಕೆ ಹೋಗಬೇಡಿ. ಗಿಡದಿಂದ ಗಿಡಕ್ಕೆ ಸತ್ವ ಬದಲಾಗುತ್ತೆ, ಪ್ರಮಾಣ ಅಂದಾಜಿಗೆ ಸಿಗಲ್ಲ. ಮೇಲಾಗಿ ಬೇರು ಕಿತ್ತರೆ ಗಿಡವೇ ಹೋಯಿತು. ಹಾಗೆ ಕಿತ್ತೂ ಕಿತ್ತೂ ಸರ್ಪಗಂಧದ ಅಂತಾರಾಷ್ಟ್ರೀಯ ವ್ಯಾಪಾರಕ್ಕೆ ಈಗ ಕಡಿವಾಣ ಹಾಕಬೇಕಾಗಿ ಬಂದಿದೆ. ಒಂದು ಬೇರಲ್ಲಿ ಏನೇನಿದೆ ಅಂತ ತಿಳಿಯೋಕೇ ಇಷ್ಟು ಕಾಲ ಹಿಡಿಯಿತು. ಬೇರೇ ಉಳಿಯದಿದ್ದರೆ ಮುಂದಿನ ಪ್ರಶ್ನೆ ಕೇಳೋದು ಯಾವುದರ ಹತ್ತಿರ?