ಘಟನಾ-ಟ್ರಿಗರುಗಳ ಕೈಪಿಡಿ: ವಿಧಿಯೂ ಅಪವಾದವೂ

ಶಾಸ್ತ್ರಗ್ರಂಥದಲ್ಲಿ ಉತ್ಸರ್ಗವನ್ನು ಹೇಳುವುದು ಸುಲಭ. ಅಪವಾದಗಳನ್ನು ಬಿಡದೆ ಹೇಳುವುದು ಕಷ್ಟ. ವೈಯಾಕರಣರಿಗೆ ಚಿರಪರಿಚಿತವಾದ ಈ ಮಾತು ಗಣಕಯಂತ್ರಗಳ ಕೈಪಿಡಿಗಳಿಗೂ ಸಲ್ಲತಕ್ಕದ್ದು. ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಡೇಟಾಬೇಸ್ ವ್ಯವಸ್ಥೆಯ ಘಟನಾ-ಟ್ರಿಗರುಗಳ ಚರಿತ್ರೆಯು ಇದಕ್ಕೆ ನಿದರ್ಶನವಾಗಿದೆ.

ಈ ವ್ಯವಸ್ಥೆಯು 1986ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ ಮೈಕೇಲ್ ಸ್ಟೋನ್‌ಬ್ರೇಕರರ ನೇತೃತ್ವದಲ್ಲಿ ಆರಂಭವಾಯಿತು. ಈಗಿನ ಹೆಸರು ಬಂದದ್ದು 1996ರಲ್ಲಿ. ಟ್ರಿಗರೆಂದರೆ, ಒಂದು ಸಂಗತಿಯು ಒದಗಿದಾಗ ತಾನಾಗಿಯೇ ನಡೆಯುವಂತೆ ಮೊದಲೇ ನಿಯಮಿಸಿಟ್ಟ ಕ್ರಿಯೆ. ಸಾಮಾನ್ಯ ಟ್ರಿಗರು ಒಂದು ಕೋಷ್ಟಕಕ್ಕೆ ಅಂಟಿಕೊಂಡು, ಅದರೊಳಗಿನ ದತ್ತಾಂಶದ ಬದಲಾವಣೆಯನ್ನು ಮಾತ್ರ ಕಾಣುವುದು. 2013ರ 9.3ನೆಯ ಆವೃತ್ತಿಯಲ್ಲಿ ಬಂದ ಘಟನಾ-ಟ್ರಿಗರಾದರೋ ಇಡೀ ಡೇಟಾಬೇಸಿಗೆ ಸೇರಿದ್ದು. ಕೋಷ್ಟಕಾದಿಗಳನ್ನೇ ಸೃಷ್ಟಿಸುವ, ಮಾರ್ಪಡಿಸುವ, ಅಳಿಸುವ ಆಜ್ಞೆಗಳನ್ನು ಅದು ಗಮನಿಸುವುದು.

ಅಂದಿನ ಕೈಪಿಡಿಯು ಆಜ್ಞೆಯ ಆರಂಭ, ಆಜ್ಞೆಯ ಅಂತ್ಯ, ವಸ್ತುಲೋಪ ಎಂಬ ಮೂರು ಘಟನೆಗಳನ್ನು ವಿವರಿಸಿ, ಯಾವ ಆಜ್ಞೆಗೆ ಯಾವುದು ಸಲ್ಲುವುದೆಂಬುದನ್ನು ದೀರ್ಘವಾದ ಪಟ್ಟಿಯಲ್ಲಿ ಗುರುತುಹಾಕಿ ತೋರಿಸಿತು. ಆದರೆ ಓದುಗನನ್ನು ಕಾಪಾಡತಕ್ಕದ್ದು ಪಟ್ಟಿಗಿಂತಲೂ ಅದರ ಹಿಂದಣ ಗದ್ಯವೇ. ಸರ್ವರಿಗೆಲ್ಲ ಸಾಮಾನ್ಯವಾದ ಡೇಟಾಬೇಸು, ಬಳಕೆದಾರರ ಪಾತ್ರ, ಟೇಬಲ್‌ಸ್ಪೇಸು ಇವುಗಳ ಮೇಲಣ ಆಜ್ಞೆಗಳಿಗೆ ಈ ಮೂರೂ ಸಲ್ಲವು. ಘಟನಾ-ಟ್ರಿಗರುಗಳನ್ನೇ ಕುರಿತ ಆಜ್ಞೆಗಳಿಗೂ ಸಲ್ಲವು. ಆಜ್ಞೆಯು ವಿಫಲವಾದರೆ ಅಂತ್ಯದ ಟ್ರಿಗರು ನಡೆಯದು. ಆರಂಭದ ಟ್ರಿಗರು ಕೋಷ್ಟಕದಲ್ಲಿ ಬರೆದಿಟ್ಟದ್ದೂ ಅದರೊಡನೆ ರದ್ದಾಗುವುದು. ಇದನ್ನರಿಯದೆ ಲೆಕ್ಕಪರಿಶೋಧನೆಯ ದಾಖಲೆಯನ್ನು ಕಟ್ಟಿದವನಿಗೆ ವಿಫಲಯತ್ನಗಳ ಸುಳಿವೇ ದೊರೆಯದು.

2016ರ ಜನವರಿಯಲ್ಲಿ ಹೊರಬಂದ 9.5ನೆಯ ಆವೃತ್ತಿಯು ಕೋಷ್ಟಕದ ಪುನರ್ಲೇಖನವೆಂಬ ನಾಲ್ಕನೆಯ ಘಟನೆಯನ್ನು ಸೇರಿಸಿತು. ಇಲ್ಲಿಯೂ ಹೆಸರಿನ ಅರ್ಥವ್ಯಾಪ್ತಿಗಿಂತ ವಿಧಿಯ ವ್ಯಾಪ್ತಿ ಕಿರಿದು: ಕ್ಲಸ್ಟರ್, ವ್ಯಾಕ್ಯೂಮ್ ಎಂಬ ಆಜ್ಞೆಗಳು ಕೋಷ್ಟಕವನ್ನು ಪುನಃ ಬರೆಯಬಲ್ಲವಾದರೂ ಈ ಘಟನೆಯನ್ನು ಉಂಟುಮಾಡವೆಂದು ಕೈಪಿಡಿಯು ಸ್ಪಷ್ಟಪಡಿಸುತ್ತದೆ.

2024ರ 17ನೆಯ ಆವೃತ್ತಿಯಲ್ಲಿ ಪ್ರವೇಶವೆಂಬ ಐದನೆಯ ಘಟನೆ ಬಂದಿತು. ಬಳಕೆದಾರನು ಡೇಟಾಬೇಸನ್ನು ಪ್ರವೇಶಿಸಿದೊಡನೆ ನಡೆಯುವ ಈ ಟ್ರಿಗರಿನಲ್ಲಿ ದೋಷವಿದ್ದರೆ, ಅದನ್ನು ತಿದ್ದಬೇಕಾದವನಿಗೇ ಬಾಗಿಲು ಮುಚ್ಚಿಹೋದೀತು. ಆದಕಾರಣ ಕೈಪಿಡಿಯು ಅಪಾಯದ ಜೊತೆಗೆ ಪರಿಹಾರವನ್ನೂ ಹೇಳುತ್ತದೆ: ಘಟನಾ-ಟ್ರಿಗರುಗಳನ್ನು ತಡೆಹಿಡಿಯುವ ಸಂಯೋಜನೆಯನ್ನು ಬಳಸುವುದು, ಇಲ್ಲವೆ ಏಕಬಳಕೆದಾರ ಕ್ರಮವನ್ನು ಆಶ್ರಯಿಸುವುದು. ಬರೆಹಕ್ಕೆ ಅವಕಾಶವಿಲ್ಲದ ಪ್ರತಿರೂಪ ಸರ್ವರಿನಲ್ಲಿಯೂ ಇದು ನಡೆಯುವುದರಿಂದ, ಅಲ್ಲಿ ಏನನ್ನೂ ಬರೆಯಬಾರದೆಂದೂ ವಿಧಿಸುತ್ತದೆ.

ಹೀಗೆ ಹನ್ನೊಂದು ವರ್ಷಗಳಲ್ಲಿ ಘಟನೆಗಳು ಮೂರರಿಂದ ಐದಾದುವು. ಎಲ್ಲಿ ಯಾವುದು ನಡೆಯುವುದೆಂದು ಪಟ್ಟಿಯಲ್ಲಿ ತೋರಿಸಿದ ಗ್ರಂಥವು, ಎಲ್ಲಿ ನಡೆಯದು, ಕೆಟ್ಟರೆ ಪಾರಾಗುವ ಬಗೆಯೇನು ಎಂಬುದನ್ನೂ ಬೋಧಿಸಬೇಕಾಯಿತು. ಅದರ ಪ್ರಯೋಜನವನ್ನು ಅಳೆಯತಕ್ಕದ್ದು ಈ ಭಾಗದಿಂದಲೇ.