‘1988 ಡಿಕ್ಯೂ1’ ರಾಮಾನುಜನ್ ಆದ ಬಗೆ

ಮಂಗಳ ಮತ್ತು ಗುರು ಗ್ರಹಗಳ ಕಕ್ಷೆಗಳ ನಡುವಿನ ಮುಖ್ಯಪಟ್ಟಿಯಲ್ಲಿ ಲಕ್ಷಾಂತರ ಕ್ಷುದ್ರಗ್ರಹಗಳು ಸೂರ್ಯನನ್ನು ಸುತ್ತುತ್ತಿವೆ. ಅವುಗಳಲ್ಲೊಂದಕ್ಕೆ ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಅವರ ಹೆಸರಿದೆ. ಆ ಹೆಸರು ಬಂದ ಬಗೆಯನ್ನು ತಿಳಿದರೆ, ಹೊಸ ಕಾಯವೊಂದನ್ನು ‘ಕಂಡುಹಿಡಿಯುವುದು’ ಎಂದರೇನು ಎಂಬುದೂ ನಿಮಗೆ ಸ್ಪಷ್ಟವಾಗುತ್ತದೆ.

ಭಾರತದಲ್ಲಿ ಈ ಶೋಧಕ್ಕೆ ಹಳೆಯ ಇತಿಹಾಸವಿದೆ. ಮದರಾಸು ವೀಕ್ಷಣಾಲಯದಲ್ಲಿ ನಾರ್ಮನ್ ಪಾಗ್ಸನ್ 1861ರ ಏಪ್ರಿಲ್ 17ರಂದು ಒಂದು ಕ್ಷುದ್ರಗ್ರಹವನ್ನು ಪತ್ತೆಹಚ್ಚಿದರು. ಏಷ್ಯಾ ಖಂಡದಿಂದ ಪತ್ತೆಯಾದ ಮೊದಲನೆಯದಾದ್ದರಿಂದ ಅದಕ್ಕೆ ‘ಏಷ್ಯಾ’ ಎಂಬ ಹೆಸರಾಯಿತು. 1885ರಲ್ಲಿ ಅವರು ‘ವೆರಾ’ವನ್ನು ಗುರುತಿಸಿದ ಬಳಿಕ ನೂರಕ್ಕೂ ಹೆಚ್ಚು ವರ್ಷ ಭಾರತದಿಂದ ಹೊಸದೊಂದು ಸೇರ್ಪಡೆಯಾಗಲಿಲ್ಲ.

ಮದರಾಸಿನ ಆ ಪರಂಪರೆ ಕೊಡೈಕೆನಾಲಿನ ಮೂಲಕ ಮುಂದುವರಿದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯಾಗಿ ಬೆಳೆಯಿತು. ಇದೇ ಸಂಸ್ಥೆಯ ವೇಣು ಬಾಪು ವೀಕ್ಷಣಾಲಯ ತಮಿಳುನಾಡಿನ ಕಾವಲೂರಿನಲ್ಲಿದೆ. ಅಲ್ಲಿ 1988ರ ಫೆಬ್ರವರಿ 17ರಂದು ಆರ್. ರಾಜಮೋಹನ್ ಹೊಸ ಕ್ಷುದ್ರಗ್ರಹವನ್ನು ಕಂಡರು. ಬಳಸಿದ್ದು 45 ಸೆಂ.ಮೀ. ಷ್ಮಿಟ್ ದೂರದರ್ಶಕ. ಆಕಾಶದ ವಿಶಾಲ ಭಾಗವನ್ನು ಒಮ್ಮೆಗೇ ಚಿತ್ರಿಸುವುದು ಇದರ ವೈಶಿಷ್ಟ್ಯ. ಇಂಥ ಚಿತ್ರಗಳಲ್ಲಿ ನಕ್ಷತ್ರಗಳ ಪರಸ್ಪರ ಸ್ಥಾನ ಬದಲಾಗದು. ಕ್ಷುದ್ರಗ್ರಹ ಮಾತ್ರ ಸರಿದಿರುತ್ತದೆ.

ಹೀಗೆ ಕಂಡದ್ದಕ್ಕೆ ಕೂಡಲೇ ಹೆಸರಿಡುವಂತಿಲ್ಲ. ಮೊದಲು ಸಿಕ್ಕಿದ್ದು ‘1988 ಡಿಕ್ಯೂ1’ ಎಂಬ ತಾತ್ಕಾಲಿಕ ಗುರುತು. ಇದನ್ನು ಬಿಡಿಸಿ ನೋಡಿ. ವರ್ಷವನ್ನು 24 ಅರೆತಿಂಗಳುಗಳಾಗಿ ವಿಭಾಗಿಸಿ ಇಂಗ್ಲಿಷ್ ಅಕ್ಷರಗಳನ್ನು ಕೊಟ್ಟರೆ, ಫೆಬ್ರವರಿಯ ಉತ್ತರಾರ್ಧಕ್ಕೆ ‘ಡಿ’ ಬರುತ್ತದೆ. ಆ ಅವಧಿಯ ಶೋಧಗಳ ಅನುಕ್ರಮಕ್ಕೆ ‘ಐ’ ಬಿಟ್ಟು 25 ಅಕ್ಷರಗಳಿವೆ, ‘ಕ್ಯೂ’ 16ನೆಯದು. ಕೊನೆಯ ‘1’ ಎಂದರೆ ಒಂದು ಸುತ್ತು ಮುಗಿದಿದೆ ಎಂದರ್ಥ. 25ಕ್ಕೆ 16 ಕೂಡಿಸಿ: ಅದು 41ನೆಯ ಶೋಧ.

ಮುಂದಿನದು ಗಣಿತದ ಕೆಲಸ. ಬೇರೆ ಬೇರೆ ಕಾಲದ ವೀಕ್ಷಣೆಗಳಿಂದ ಕಕ್ಷೆಯನ್ನು ಲೆಕ್ಕಹಾಕಬೇಕು. ಮುಂದೆ ಎಲ್ಲಿ ಕಾಣುವುದೆಂದು ಖಚಿತವಾಗಿ ಹೇಳುವಂತಿರಬೇಕು. ಆಗಲೇ ಶಾಶ್ವತ ಸಂಖ್ಯೆ. ಇದಕ್ಕೆ ದೊರೆತದ್ದು 4130. ಸಂಖ್ಯೆ ದೊರೆತ ಮೇಲೆ ಹೆಸರನ್ನು ಸೂಚಿಸುವ ಹಕ್ಕು ಶೋಧಕರದು. ಒಪ್ಪಿಗೆ ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ್ದು.

ಎಂದರೆ, ಚುಕ್ಕೆಯೊಂದನ್ನು ನೋಡಿದ ಮಾತ್ರಕ್ಕೆ ಶೋಧ ಪೂರ್ಣವಾಗದು. ಅದರ ದಾರಿಯನ್ನು ಲೆಕ್ಕದಲ್ಲಿ ಹಿಡಿದಿಡಬೇಕು. ಹಾಗಿರುವಾಗ ಗಣಿತಜ್ಞರೊಬ್ಬರ ಹೆಸರು ಅದಕ್ಕೆ ಎಷ್ಟು ಒಪ್ಪುತ್ತದೆ ಎಂಬುದನ್ನು ಬೇರೆ ಹೇಳಬೇಕಿಲ್ಲ.