ತಲೆಮೇಲಿನ ಫಲಕ, ಇರುಳಿನ ಅಕ್ಷರ: ನಂಜನಗೂಡು–ತಿ. ನರಸೀಪುರ ಹೆದ್ದಾರಿಯ ನೆಲೆಯಲ್ಲಿ

ಕೋಯಿಕ್ಕೋಡಿನಿಂದ ಹೊರಟು ಗುಂಡ್ಲುಪೇಟೆ, ನಂಜನಗೂಡು, ಮೈಸೂರು, ತಿ. ನರಸೀಪುರಗಳನ್ನು ಹಾದು ಕೊಳ್ಳೇಗಾಲದತ್ತ ಸಾಗುವ ರಸ್ತೆ ಮೊದಲು 212ನೇ ರಾಷ್ಟ್ರೀಯ ಹೆದ್ದಾರಿಯಾಗಿತ್ತು, ಈಗ 766. ಅದು ಹಾಯುವ ಬಂಡೀಪುರ ಕಾಡಿನಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿಷೇಧವಿದೆ. ಗೇಟು ಹಾಕುವ ಮುಂಚೆ ಕಾಡು ದಾಟಬೇಕೆನ್ನುವ ಲಾರಿ ನಂಜನಗೂಡನ್ನು ಹಾಯುವ ಹೊತ್ತಿಗೆ ಕತ್ತಲು ಕವಿಯುತ್ತಿರುತ್ತದೆ. ಆ ಚಾಲಕನಿಗೆ ಕಮಾನಿನ ಮೇಲಿನ ಹಸಿರು ಫಲಕ ಓದಲು ಸಿಗಬೇಕು.

ರಸ್ತೆ ಬದಿಯ ಫಲಕಕ್ಕಿಲ್ಲದ ಕಷ್ಟ ತಲೆಮೇಲಿನದಕ್ಕಿದೆ. ಎದುರಿನವರ ಕಣ್ಣು ಕುಕ್ಕದಿರಲೆಂದು ಡಿಪ್ ಮಾಡಿದ ದೀಪ ಬೆಳಕನ್ನು ಕೆಳಕ್ಕೇ ಚೆಲ್ಲುತ್ತದೆ. ಮೇಲಕ್ಕೆ ಹೋಗುವುದು ಅತ್ಯಲ್ಪ. ಮೊದಮೊದಲು ಫಲಕಕ್ಕೇ ವಿದ್ಯುದ್ದೀಪ ಕಟ್ಟುವ ರೂಢಿಯಿತ್ತು. 1930ರ ದಶಕದ ಕೊನೆಗೆ ಅಮೆರಿಕದ 3ಎಂ ಕಂಪನಿ ಸಣ್ಣ ಗಾಜಿನ ಮಣಿಗಳನ್ನು ಹುದುಗಿಸಿದ ಹಾಳೆಯನ್ನು ತಂದಿತು. ಬಂದ ಬೆಳಕನ್ನು ಅದು ಬಂದ ದಿಕ್ಕಿಗೇ ಮರಳಿಸುತ್ತದೆ. ನಮ್ಮ ಸ್ಟಿಕ್ಕರ್ ಅಂಗಡಿಗಳಲ್ಲಿ ‘ರೇಡಿಯಂ’ ಎಂದು ಸಿಗುವುದು ಇದರದೇ ಬಳಗ. 1980ರ ದಶಕದ ಕೊನೆಯಲ್ಲಿ ಮಣಿಯ ಜಾಗಕ್ಕೆ ಸೂಕ್ಷ್ಮ ಪ್ರಿಸಂ ಬಂತು. ಒಂದಕ್ಕೊಂದು ಲಂಬವಾದ ಮೂರು ಮುಖಗಳಿಗೆ ತಾಗಿ ಬೆಳಕು ಹಿಂದಿರುಗುವ ಉಪಾಯವದು. 1969ರಲ್ಲಿ ಅಪೊಲೊ 11 ಚಂದ್ರನ ಮೇಲೆ ಇಟ್ಟುಬಂದ ಪ್ರತಿಫಲಕದಲ್ಲಿರುವುದೂ ಅದೇ.

ರಸ್ತೆ ಫಲಕಗಳಿಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಐಆರ್‌ಸಿ 67 ಸಂಹಿತೆ 1977ರಲ್ಲಿ ಬಂತು. 2001, 2010, 2012, 2022ರಲ್ಲಿ ಪರಿಷ್ಕರಣೆಯಾಯಿತು. ಅಮೆರಿಕದ 2007ರ ನಿಯಮ ಹೀಗಿದೆ: ಹಸಿರು ಫಲಕದ ಬಿಳಿ ಅಕ್ಷರ ರಸ್ತೆ ಬದಿಯಲ್ಲಾದರೆ ಕನಿಷ್ಠ 120, ತಲೆಮೇಲಾದರೆ 250 ಮಾನದಷ್ಟು ಬೆಳಕನ್ನು ಮರಳಿಸಬೇಕು. (ಅಳತೆ, ಚದರ ಮೀಟರಿಗೆ ಪ್ರತಿ ಲಕ್ಸ್‌ಗೆ ಕ್ಯಾಂಡೆಲಾ.) ಎರಡು ಪಟ್ಟಿಗೂ ಹೆಚ್ಚು! ಆದರೂ ಲಾರಿಯವನ ಪಾಲಿಗೆ ಬರುವುದು ಕಡಿಮೆಯೇ. ಬೆಳಕು ಮರಳುವುದು ದೀಪದ ಕಡೆಗೆ; ಅವನ ಕಣ್ಣು ದೀಪದಿಂದ ಕಾರಿನವನದಕ್ಕಿಂತ ಬಹಳ ಮೇಲಿರುತ್ತದೆ. ಇಬ್ಬನಿ ಕೂತರಂತೂ ಹಾಳೆ ಮಂಕಾಗುತ್ತದೆ.

ಹೊಳಪು ಹೆಚ್ಚಿಸುತ್ತ ಹೋದರೆ ಆಯಿತೇ? ಇಲ್ಲ. ಅತಿ ಹೊಳೆಯುವ ಬಿಳಿ ಅಕ್ಷರ ಇರುಳಿನಲ್ಲಿ ಹಬ್ಬಿಕೊಂಡು ತನ್ನ ಒಳಬಯಲನ್ನು ತಾನೇ ಮುಚ್ಚಿಬಿಡುತ್ತದೆ. ಇದನ್ನು ತಡೆಯಲೆಂದೇ ರೂಪಿಸಿದ ‘ಕ್ಲಿಯರ್‌ವ್ಯೂ’ ಅಕ್ಷರಮಾದರಿಗೆ ಅಮೆರಿಕ 2004ರಲ್ಲಿ ಅನುಮತಿ ಕೊಟ್ಟು, 2016ರಲ್ಲಿ ಕಿತ್ತುಕೊಂಡು, 2018ರಲ್ಲಿ ಮತ್ತೆ ಕೊಟ್ಟಿತು. ರೋಮನ್ ಲಿಪಿಗೇ ಇಷ್ಟು ತಕರಾರು! ಕನ್ನಡದಲ್ಲಿ ರ–ಠಗಳ ನಡುವಿನ ಅಂತರ ಒಂದು ಚುಕ್ಕೆ, ದ–ಧಗಳದು ಒಂದು ಸೀಳು. ಇದೇ ರಸ್ತೆಯ ಹೆಸರುಗಳನ್ನೇ ನೋಡಿ: ನಂಜನಗೂಡು, ನರಸೀಪುರಗಳಲ್ಲಿ ಒತ್ತಿಲ್ಲ, ಗುಂಡ್ಲುಪೇಟೆಯ ಲ, ಕೊಳ್ಳೇಗಾಲದ ಎರಡನೇ ಳ ಅಡಿಯಲ್ಲಿ ಪುಟ್ಟದಾಗಿ ಕೂರುತ್ತವೆ. ಮೊದಲು ಕಲಸಿಹೋಗುವುದು ಅವೇ.

ಆದ್ದರಿಂದ ಕನ್ನಡ ಫಲಕದ ಅಳತೆ ಒತ್ತಕ್ಷರದಿಂದ ಶುರುವಾಗಬೇಕು, ಮೂಲಾಕ್ಷರದಿಂದಲ್ಲ. ಹೆದ್ದಾರಿ ಎಂಜಿನಿಯರುಗಳು ಫಲಕವನ್ನು ಒಪ್ಪಿಕೊಳ್ಳುವ ಮುನ್ನ ಒಂದು ರಾತ್ರಿ ಲಾರಿಯ ಸೀಟಿನಲ್ಲಿ ಕೂತು, ದೀಪ ಡಿಪ್ ಮಾಡಿ, ಅದನ್ನು ಓದಿ ನೋಡಲಿ.